ಮಗಳಿಗೊಬ್ಬ ಗೈಡು ಹುಡುಕಿದ್ದು

ಅಡುಗೆ ಭಟ್ಟರನ್ನು ಆರಿಸುವ ವಿಷಯ ಬಂದರೆ ನನಗೆ ಸ್ವಲ್ಪ ಜಂಬ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋಟೆಲಿನವರಲ್ಲಿ ಕೆಲವರು ಹೊಸದಾಗಿ ಬಂದ ಭಟ್ಟರಿಂದ ಒಂದು ದಿನ ಸಾಂಬಾರು ಮಾಡಿಸಿ ರುಚಿ ನೋಡುತ್ತಾರೆ. ಇದರಷ್ಟು ದಡ್ಡತನ ಇನ್ನೊಂದಿಲ್ಲ. ಒಂದು ದಿನದ ಮಟ್ಟಿಗೆ ಒಳ್ಳೆಯ ಸಾಂಬಾರು ಯಾರು ಬೇಕಾದರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಇನ್ನು ಕೆಲವರು ಹಿಂದಿನ ಹೋಟೆಲಿನ ಧನಿಗೆ ಫೋನು ಮಾಡಿ ವಿಚಾರಿಸುತ್ತಾರೆ. ಭಟ್ಟರು ತೊಲಗಿದರೆ ಸಾಕು ಎಂದಿದ್ದರೆ ಆತ ಬಾಯ್ತುಂಬ ಹೊಗಳುತ್ತಾನೆ, ಹೋಗಬಾರದು ಎಂದಿದ್ದರೆ ಇಲ್ಲದ ಚಟವೆಲ್ಲ ಅಂಟಿಸುತ್ತಾನೆ. ನನ್ನ ಪದ್ಧತಿ ಬೇರೆ. ನಾನು ಆ ಹೋಟೆಲಿನ ಹಿಂಬಾಗಿಲಿಗೆ ಹೋಗಿ, ಭಟ್ಟರ ಕೈಕೆಳಗೆ ಕಾಯಿ ತುರಿಯುವವನನ್ನೋ ಪಾತ್ರೆ ತೊಳೆಯುವವನನ್ನೋ ಮಾತಾಡಿಸಿಕೊಂಡು ಬರುತ್ತೇನೆ. ಭಟ್ಟರಿಗೆ ಸಿಟ್ಟು ಬಂದರೆ ಸೌಟು ಎಲ್ಲಿಗೆ ಹಾರುತ್ತದೆ, ಉಪ್ಪು ಹೆಚ್ಚಾದ ದಿನ ತಪ್ಪು ಯಾರ ತಲೆಗೆ ಬರುತ್ತದೆ, ಸಂಬಳವಾದ ಮರುದಿನ ಭಟ್ಟರು ಹಾಸಿಗೆಯಿಂದ ಏಳುತ್ತಾರೋ ಇಲ್ಲವೋ, ಇದೆಲ್ಲ ಗೊತ್ತಿರುವುದು ಅಂಥವನಿಗೆ. ಈ ಪದ್ಧತಿಯನ್ನು ನಾನು ಅಡುಗೆಮನೆಯಿಂದ ಆಚೆಗೂ ಒಯ್ದೆ. ಅಲ್ಲಿಂದ ನನ್ನ ತಾಪತ್ರಯ ಶುರುವಾಯಿತು.

ಪುಣೆಯ ಖಡಕಿಯಲ್ಲಿ ನಮ್ಮದೊಂದು ಇಡ್ಲಿ ದೋಸೆಯ ಹೋಟೆಲು. ಮೂಲ ಊರು ಕುಂದಾಪುರದ ಕಡೆ. ಅಪ್ಪನ ನಂತರ ಗಲ್ಲಾದಲ್ಲಿ ಕೂತು ಕೂತು ನನಗೊಂದು ಹೆಸರಿದೆ ಎಂಬುದೇ ಗಿರಾಕಿಗಳಿಗೆ ಮರೆತುಹೋಗಿ ಬರೀ ‘ಅಣ್ಣಾ’ ಆಗಿದ್ದೇನೆ. ಮಿಲಿಟರಿ ಕಾರ್ಖಾನೆಯಿಂದ ನಿವೃತ್ತರಾಗಿ, ಮೊಮ್ಮಕ್ಕಳ ಮದುವೆ ಮಾಡಿದ ಕಾಕಾಗಳೂ ಬಂದು, “ಅಣ್ಣಾ, ದೋನ್ ಚಹಾ” ಎನ್ನುತ್ತಾರೆ. ಒಳಗಿರುವ ವಾಸುದೇವ ಭಟ್ಟರು ನನ್ನ ಪದ್ಧತಿಯ ಅತಿ ದೊಡ್ಡ ವಿಜಯ. ಮಗಳು ಹುಟ್ಟುವ ಮೊದಲು ಬಂದವರು, ಇನ್ನೂ ಇದ್ದಾರೆ. ಅವರ ಕೈಗುಣ ದೊಡ್ಡದು, ಬಾಯಿಗೆ ಮಾತ್ರ ಬಾಗಿಲಿಲ್ಲ. ಯಾರಾದರೂ ಕನ್ನಡದವರು ಬಂದು ಚಟ್ನಿ ಚೆನ್ನಾಗಿದೆ ಎಂದರೆ ಸಾಕು, ಒಲೆಯ ಮೇಲೆ ಏನಿದ್ದರೂ ಬಿಟ್ಟು, ಹೆಗಲ ಮೇಲಿನ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಮ್ಮ ಮನೆತನದ ಪುರಾಣ ಬಿಚ್ಚುತ್ತಾರೆ. ಅವರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ನಾನು ಕೈಯ ಬಗ್ಗೆ ವಿಚಾರಿಸಿದ್ದೆ, ಬಾಯಿಯ ಬಗ್ಗೆ ವಿಚಾರಿಸಿರಲಿಲ್ಲ.

ನಮ್ಮ ಒಬ್ಬಳೇ ಮಗಳು ಚೈತ್ರಾ ಎಮ್ಮೆಸ್ಸಿ ಮುಗಿಸಿ, ಪಿಎಚ್‌ಡಿ ಮಾಡುತ್ತೇನೆ ಎಂದಳು. ಸಂತೋಷವೇ ಆಯಿತು. ಯಾವುದರ ಮೇಲೆ ಎಂದು ಕೇಳಿದೆ. ಇರುವೆಯ ಮೇಲೆ ಎಂದಳು. ಹೋಟೆಲಿನಲ್ಲಿ ಆ ಶಬ್ದವನ್ನು ನಾವು ಗಟ್ಟಿಯಾಗಿ ಉಚ್ಚರಿಸುವುದೇ ಇಲ್ಲ. ಸಕ್ಕರೆ ಡಬ್ಬಿಗೆ ಅವು ಬಂದರೆ ಭಟ್ಟರು, “ಧನಿ, ನೆಂಟರು ಬಂದಿದ್ದಾರೆ” ಎಂದು ಕಣ್ಣಲ್ಲೇ ಸೂಚಿಸುತ್ತಾರೆ. ಮೂರು ತಲೆಮಾರು ನಾವು ಓಡಿಸಿದ ನೆಂಟರನ್ನು ನನ್ನ ಮಗಳು ಕೂರಿಸಿ ಉಪಚಾರ ಮಾಡಲು ಹೊರಟಿದ್ದಳು. “ಅಪ್ಪ, ಇದ್ದ ಗೂಡು ಹಾಳಾದರೆ ಅವು ಹೊಸ ಗೂಡನ್ನು ಹೇಗೆ ಆರಿಸ್ತವೆ ಗೊತ್ತುಂಟಾ? ಆರ್ಡರ್ ಕೊಡುವವರು ಯಾರೂ ಇಲ್ಲ, ಆದರೂ ಎಲ್ಲ ಸೇರಿ ಸರಿಯಾದ ಕಡೆಗೇ ಹೋಗ್ತವೆ” ಎಂದು ಅವಳು ಹೇಳುವಾಗ ಕಣ್ಣು ಹೊಳೆಯುತ್ತಿತ್ತು. ಆರ್ಡರ್ ಕೊಡುವವರಿಲ್ಲದೆ ಒಂದು ಟೇಬಲಿಗೆ ನೀರು ಕೂಡ ಹೋಗುವುದಿಲ್ಲ ಎಂದು ನಂಬಿಕೊಂಡು ಬಂದವನು ನಾನು. ಆದರೂ ಆ ಹೊಳಪನ್ನು ನೋಡಿ, ಆಗಲಿ ಮಗಾ ಎಂದೆ.

ಅಂಕ ತೋರಿಸಿ, ಫೀಸು ಕಟ್ಟಿದರೆ ಸೀಟು ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಪಿಎಚ್‌ಡಿಯಲ್ಲಿ ಹಾಗಲ್ಲವಂತೆ. ಮೊದಲು ಒಬ್ಬರು ಗೈಡು ಸಿಗಬೇಕು. ಐದಾರು ವರ್ಷ ಜೊತೆಗಿದ್ದು ಸಂಶೋಧನೆ ಮಾಡಿಸುವ ಪ್ರಾಧ್ಯಾಪಕರು. ಅವರು ಒಪ್ಪಬೇಕು, ಒಪ್ಪಿದರೆ ಅವರಲ್ಲಿ ಜಾಗವಿರಬೇಕು, ಜಾಗವಿದ್ದರೆ ದುಡ್ಡಿರಬೇಕು. ಇವಳು ಹತ್ತಾರು ಜನರಿಗೆ ಇಮೇಲ್ ಬರೆದಳು. ಹೆಚ್ಚಿನವರು ಉತ್ತರಿಸಲಿಲ್ಲ. ನಮ್ಮ ಹೋಟೆಲಿನಲ್ಲಿ ಕೂತ ಗಿರಾಕಿಗೆ ಒಂದು ಲೋಟ ನೀರು ಬರುವುದು ತಡವಾದರೆ ಅವನು ಎದ್ದು ಎದುರಿನ ಹೋಟೆಲಿಗೆ ಹೋಗುತ್ತಾನೆ. ಇಲ್ಲಿ ಗಿರಾಕಿಯೇ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಇನ್ನೊಮ್ಮೆ ಬರೆಯಬೇಕಂತೆ. ಫೋನಿನಲ್ಲಿ ಟಿಣ್ ಎಂದಾಗಲೆಲ್ಲ ಅವಳು ತಿನ್ನುತ್ತಿದ್ದ ತುತ್ತನ್ನು ಹಾಗೇ ಹಿಡಿದು ನೋಡುತ್ತಿದ್ದಳು. ಹೆಚ್ಚಾಗಿ ಅದು ಯಾವುದೋ ಅಂಗಡಿಯ ರಿಯಾಯಿತಿ ಮಾರಾಟದ ಸುದ್ದಿಯಾಗಿರುತ್ತಿತ್ತು. ನನಗೆ ಆ ಅಂಗಡಿಯವರ ಮೇಲೆ ವಿಪರೀತ ಸಿಟ್ಟು ಬರುತ್ತಿತ್ತು.

ಕೊನೆಗೆ ಪುಣೆಯಲ್ಲೇ, ಒಂದೇ ಕ್ಯಾಂಪಸ್ಸಿನಲ್ಲಿ ಇಬ್ಬರು ಉತ್ತರ ಕೊಟ್ಟರು. ಒಬ್ಬರು ದೊಡ್ಡ ಸರ್. ದೊಡ್ಡ ಪ್ರಯೋಗಾಲಯ, ಕೈತುಂಬ ಪ್ರಾಜೆಕ್ಟು. ಸೇರಿದ ತಿಂಗಳಿನಿಂದಲೇ ಸ್ಟೈಪೆಂಡು ಕೊಡುತ್ತೇನೆ, ಬೇಗ ಹೇಳು ಎಂದಿದ್ದರು. ಆದರೆ ಅವರದು ಇರುವೆಯಲ್ಲ, ಬೇರೇನೋ. ಅವರು ಹೇಳಿದ ಕೆಲಸ ಇವಳು ಮಾಡಬೇಕು. ಇನ್ನೊಬ್ಬರು ದೇಸಾಯಿ ಮೇಡಂ, ಧಾರವಾಡದ ಕಡೆಯವರು, ಇರುವೆಗಳ ಹಿಂದೆಯೇ ತಲೆ ಬೆಳ್ಳಗೆ ಮಾಡಿಕೊಂಡವರು. ಚೈತ್ರಾಳ ಮನಸ್ಸೆಲ್ಲ ಅಲ್ಲೇ. ಆದರೆ ಮೇಡಂ ಬಳಿ ಇದ್ದದ್ದು ಒಂದೇ ಜಾಗ, ಅದಕ್ಕೆ ಅರ್ಜಿ ಹಾಕಿದವರು ಬಹಳ. ಸಂದರ್ಶನ ಮುಗಿದಿತ್ತು, ಇನ್ನೂ ಯಾರಿಗೂ ಹೂಂ ಎಂದಿರಲಿಲ್ಲ. ಮೇಲಾಗಿ ಅವರ ಹೊಸ ಪ್ರಾಜೆಕ್ಟಿನ ದುಡ್ಡು ದಿಲ್ಲಿಯ ಸರ್ಕಾರದಿಂದ ಇನ್ನೂ ಮಂಜೂರಾಗಿರಲಿಲ್ಲ. ಬರುತ್ತದೆ ಎನ್ನುತ್ತಾರೆ, ಯಾವಾಗ ಎಂದು ದಿಲ್ಲಿಗೂ ಗೊತ್ತಿಲ್ಲ. ಇವಳು ದೇಶಮಟ್ಟದ ಪರೀಕ್ಷೆ ಪಾಸು ಮಾಡಿದ್ದಳಾದರೂ ಫೆಲೋಶಿಪ್ಪಿಗೆ ಸ್ವಲ್ಪ ಅಂಕ ಕಡಿಮೆ ಬಿದ್ದಿತ್ತು. ಅಂದರೆ ಎಲೆ ಹಾಕಿ ಕೂರಿಸಿದ್ದರು, ಬಡಿಸುವುದು ಗೈಡಿನ ಮೇಲೆ ಬಿಟ್ಟಿದ್ದರು.

ಇದರ ನಡುವೆ ಇನ್ನೊಂದು ಸಂಗತಿ ನಡೆದಿತ್ತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಸುಮತಿಯ ಅಣ್ಣ ಊರಿನಿಂದ ಫೋನು ಮಾಡಿ, ಲೋಣಾವಳಾದಲ್ಲಿ ನಮ್ಮ ಪೈಕಿಯವರ ದೊಡ್ಡ ಹೋಟೆಲುಂಟು, ಒಬ್ಬನೇ ಮಗ, ಹುಡುಗ ಚಿನ್ನ, ಒಮ್ಮೆ ನೋಡಿ ಬನ್ನಿ ಭಾವ ಎಂದಿದ್ದ. ನಾನು ಸುಮತಿಗೂ ಸರಿಯಾಗಿ ಹೇಳದೆ, ಧೋ ಎಂದು ಮಳೆ ಸುರಿಯುವ ಒಂದು ದಿನ ಲೋಕಲ್ ರೈಲು ಹತ್ತಿ ಹೋಗಿ ಬಂದೆ. ಹುಡುಗನನ್ನು ನೋಡಲು ಹೋಗಿದ್ದಲ್ಲ, ಹೋಟೆಲು ನೋಡಲು ಹೋಗಿದ್ದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹೋಟೆಲು ಚೆನ್ನಾಗಿತ್ತು. ಹುಡುಗನೂ ಚೆನ್ನಾಗಿದ್ದ. ಮನೆಗೆ ಬಂದು, ಸಾಮಾನಿನ ವ್ಯಾಪಾರಿಯನ್ನು ನೋಡಲು ಹೋಗಿದ್ದೆ ಎಂದು ಹೇಳಿ, ಚೈತ್ರಾಳ ಕೈಯಲ್ಲಿ ಒಂದು ಡಬ್ಬಿ ಚಿಕ್ಕಿ ಇಟ್ಟೆ. ಅವಳು ಥ್ಯಾಂಕ್ಸ್ ಅಪ್ಪ ಎಂದಳು. ನಿಜ ಗೊತ್ತಿದ್ದದ್ದು ಭಟ್ಟರಿಗೆ ಮಾತ್ರ, ಏಕೆಂದರೆ ಆ ದಿನ ಗಲ್ಲಾ ನೋಡಿಕೊಳ್ಳಲು ಅವರಿಗೆ ಹೇಳಿ ಹೋಗಬೇಕಿತ್ತು.

ಗೈಡಿನ ವಿಷಯದಲ್ಲಿ ಮಗಳು ಒದ್ದಾಡುವುದನ್ನು ನೋಡಲಾರದೆ ನಾನು ನನ್ನ ಪದ್ಧತಿಯನ್ನು ಹೊರತೆಗೆದೆ. ಆ ಕ್ಯಾಂಪಸ್ಸಿನ ಕ್ಯಾಂಟೀನು ನಡೆಸುವ ಸುಧಾಕರ ನಮ್ಮ ಊರಿನ ಕಡೆಯವನು. ಅಲ್ಲಿ ಹೋಗಿ ಮೂಲೆಯ ಟೇಬಲಿನಲ್ಲಿ ಕೂತೆ. ಚಹಾ ನೀರಾಗಿತ್ತು, ವಡೆಗೆ ಉದ್ದು ಸರಿಯಾಗಿ ರುಬ್ಬಿರಲಿಲ್ಲ. ಆದರೆ ನಾನು ಹೋದದ್ದು ವಡೆ ಪರೀಕ್ಷೆಗಲ್ಲವಲ್ಲ, ಸಹಿಸಿಕೊಂಡೆ. ಸುಧಾಕರ ಕಣ್ಣಲ್ಲೇ ತೋರಿಸುತ್ತ ಹೋದ. “ಅಲ್ಲಿ ನೋಡಿ, ಅವರು ದೊಡ್ಡ ಸರ್ ಹುಡುಗರು. ಒಬ್ಬರೂ ಚಹಾ ಪೂರ್ತಿ ಕುಡಿಯುವುದಿಲ್ಲ ಮಾರಾಯ್ರೇ. ಫೋನು ಬಂತು ಅಂದ್ರೆ ಅರ್ಧಕ್ಕೆ ಬಿಟ್ಟು ಓಡ್ತಾರೆ.” ನೋಡುತ್ತಿದ್ದ ಹಾಗೆಯೇ ಒಬ್ಬ ಹುಡುಗ ಕಚ್ಚಿದ ವಡೆಯನ್ನು ತಟ್ಟೆಯಲ್ಲಿಟ್ಟು ಓಡಿಹೋದ. ವಡೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆಮೇಲೆ ಬಂದರು ಬಿಳಿ ತಲೆಯ ಒಬ್ಬ ಹೆಂಗಸು, ಸುತ್ತ ನಾಲ್ಕಾರು ಹುಡುಗ ಹುಡುಗಿಯರು, ಎಲ್ಲರೂ ಜೋರುಜೋರಾಗಿ ವಾದ ಮಾಡುತ್ತಿದ್ದರು. ಒಬ್ಬ ಹುಡುಗಿ ಮಾತಿನ ಭರದಲ್ಲಿ ಮೇಡಂ ತಟ್ಟೆಯಿಂದಲೇ ಬಜ್ಜಿ ಎತ್ತಿ ತಿಂದಳು. ಮೇಡಂ ನೋಡಲೂ ಇಲ್ಲ. ನನಗೆ ಅಷ್ಟು ಸಾಕಾಯಿತು.

ಗೆದ್ದ ಉತ್ಸಾಹದಲ್ಲಿ ಮನೆಗೆ ಬಂದು ವರದಿ ಒಪ್ಪಿಸಿದೆ. ಚೈತ್ರಾ ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡಳು. “ಅಯ್ಯೋ ಅಪ್ಪ, ನೀವು ಅಲ್ಲಿಗೆ ಹೋಗಿದ್ರಾ? ಅವರ ಹತ್ರ ಕೆಲಸ ಮಾಡುವ ಸ್ಟೂಡೆಂಟ್ಸನ್ನು ಕೇಳಿ ತಿಳ್ಕೊಳ್ಳುವುದು ಎಲ್ಲರೂ ಮಾಡ್ತಾರೆ. ನಾನು ಅರ್ಜಿ ಹಾಕುವ ಮೊದಲೇ ಇಬ್ಬರ ಕಡೆಯವರಿಗೂ ಫೋನ್ ಮಾಡಿ ಮಾತಾಡಿದ್ದೇನೆ.” ನನ್ನ ಜೀವಮಾನದ ಗುಟ್ಟು ಎಲ್ಲರಿಗೂ ಗೊತ್ತಿರುವ ವಿಷಯವೆಂದು ತಿಳಿದು ನನಗೆ ಸ್ವಲ್ಪ ಪೆಚ್ಚಾಯಿತು. ಸುಮತಿ ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಆಗ ನಾನು ಗಂಟಲು ಸರಿಮಾಡಿಕೊಂಡು, “ಹಾಗಾದರೆ ಮೇಡಂ ಒಪ್ಪಿದ್ರೆ ಅಲ್ಲಿಗೇ ಹೋಗು ಮಗಾ. ಅವರ ಪ್ರಾಜೆಕ್ಟಿನ ದುಡ್ಡು ಬರದಿದ್ರೆ ಎಂತಾಯ್ತು? ನಾನಿಲ್ವಾ? ತಿಂಗಳು ತಿಂಗಳು ನಾನು ಕೊಡ್ತೇನೆ” ಎಂದೆ. ಅವಳು ಖುಷಿಯಿಂದ ಹಾರುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡದೆ, “ಬೇಡ ಅಪ್ಪ” ಎಂದಳು. ಯಾಕೆ ಎಂದರೆ, “ಬೇಡ, ಅಷ್ಟೇ. ದುಡ್ಡು ಬರುವ ಹಾಗೆ ಕಾಣದಿದ್ರೆ ದೊಡ್ಡ ಸರ್ ಹತ್ರ ಸೇರ್ತೇನೆ” ಎಂದು ಎದ್ದು ಹೋದಳು. ಮನಸ್ಸಿಗೆ ಬಹಳ ನೋವಾಯಿತು. ಊರಿಗೆಲ್ಲ ಬಡಿಸುವವನ ಕೈಯಿಂದ ಸ್ವಂತ ಮಗಳು ಯಾಕೆ ಬೇಡ ಎನ್ನುತ್ತಾಳೆ ಎಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

ಕೆಲವು ದಿನಗಳ ನಂತರ ಬೆಳಗಿನ ಗಿಜಿಗಿಜಿ ಕಳೆದ ಹೊತ್ತಿನಲ್ಲಿ, ಬಿಳಿ ತಲೆಯ ಒಬ್ಬ ಹೆಂಗಸು ಒಳಗೆ ಬಂದು ಅಡುಗೆಮನೆಯ ಪಕ್ಕದ ಟೇಬಲಿನಲ್ಲಿ ಕೂತರು. ಎಲ್ಲೋ ನೋಡಿದ ಮುಖ ಎನಿಸಿತು. ಹೋಟೆಲಿನವನಿಗೆ ಎಲ್ಲ ಮುಖಗಳೂ ಎಲ್ಲೋ ನೋಡಿದ ಮುಖಗಳೇ ಆದ್ದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅವರು ದೋಸೆ ತಿಂದರು, ಮತ್ತೆ ಚಟ್ನಿ ಕೇಳಿದರು, ಚಟ್ನಿ ಭಾಳ ಚಲೋ ಅದ ಎಂದರು. ಅಷ್ಟು ಸಾಕಾಯಿತು, ಭಟ್ಟರು ಬೈರಾಸು ಸಮೇತ ಪ್ರತ್ಯಕ್ಷರಾದರು. ನಾನು ಗಲ್ಲಾದಲ್ಲಿ ಪಾರ್ಸೆಲ್‌ನವರ ಜೊತೆ ಲೆಕ್ಕದಲ್ಲಿದ್ದೆ. ಭಟ್ಟರು ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದರು, ಒಮ್ಮೆ ನನ್ನ ಕಡೆ ತೋರಿಸಿದರು, ಒಮ್ಮೆ ಕಣ್ಣೊರೆಸಿಕೊಂಡರು. ಒಳ್ಳೆಯ ಗಿರಾಕಿ ಸಿಕ್ಕರು ಭಟ್ಟರಿಗೆ ಎಂದು ನನಗೂ ಸಮಾಧಾನವಾಯಿತು. ಒಳಗೆ ಯಾವುದೋ ಪಲ್ಯ ತಳ ಹಿಡಿದ ವಾಸನೆ ಬಂದಾಗಲೇ ಭಟ್ಟರು ಎದ್ದದ್ದು.

ಆ ಹೆಂಗಸು ಬಿಲ್ಲು ಹಿಡಿದು ಗಲ್ಲಾಕ್ಕೆ ಬಂದು ನನ್ನನ್ನು ನೋಡಿ ನಕ್ಕರು. “ನೀವ ಅಲ್ಲೇನ್ರಿ, ನಮ್ಮ ಕ್ಯಾಂಟೀನಿನ್ಯಾಗ ಕೂತು ನನ್ನ ವಿಚಾರಣಿ ಮಾಡಿದವ್ರು? ನಾ ದೇಸಾಯಿ ಅಂತ. ಸುಧಾಕರ ಎಲ್ಲಾ ಹೇಳಿದ್ರು.” ನನ್ನ ಕೈಯಲ್ಲಿದ್ದ ಚಿಲ್ಲರೆ ಅಲ್ಲೇ ಬಿತ್ತು. ಎದ್ದು ನಿಂತು ನಮಸ್ಕಾರ ಮಾಡಿದೆ, ಕೂತುಕೊಳ್ಳಿ ಎಂದೆ, ಕಾಫಿ ಎಂದೆ. “ಎಲ್ಲಾ ಆತ್ರಿ. ನಿಮ್ಮ ಪದ್ಧತಿ ನನಗ ಭಾಳ ಮನಸ್ಸಿಗೆ ಬಂತು. ಹಂಗಾರ ನಾನೂ ಒಮ್ಮೆ ಹೋಗಿ ಕೇಳೂಣು ಅಂತ ಬಂದೆ. ಹುಡುಗೀನ ಕೇಳಿದ್ರ ಅಪ್ಪನ್ನ ಬಿಟ್ಟುಕೊಡೂದಿಲ್ಲ. ನಿಮ್ಮನ್ನ ಕೇಳಿದ್ರ ನಿಮ್ಮ ಬಗ್ಗೆ ನೀವು ಚಲೋನ ಹೇಳ್ತೀರಿ. ಅದಕ್ಕ ನಿಮ್ಮ ಕೈಕೆಳಗಿನವ್ರನ್ನ ಕೇಳಿದೆ.”

ಏನು ಕೇಳುವುದಿತ್ತು ಎಂದು ನಾನು ತೊದಲಿದೆ. ಮೇಡಂ ನಗು ನಿಲ್ಲಿಸಿದರು. “ನೋಡ್ರಿ, ನಿಮ್ಮ ಮಗಳು ಭಾಳ ಶ್ಯಾಣ್ಯಾಕಿ. ಆಕೀನ ತೊಗೋಬೇಕು ಅಂತನ ನನ್ನ ಮನಸ್ಸದ. ಆದ್ರ ಇದಕ್ಕೂ ಮೊದಲ ನನ್ನ ಕಡೆ ಇದ್ದ ಇಬ್ಬರು ಹುಡುಗ್ಯಾರು ನಡುವ ಬಿಟ್ಟು ಹೋದ್ರು. ಒಬ್ಬಾಕಿಗೆ ಮದುವಿ ಮಾಡಿದ್ರು, ಇನ್ನೊಬ್ಬಾಕಿಗೆ ಮನ್ಯಾಗ ಓದಿದ್ದು ಸಾಕು ಅಂದ್ರು. ಇಬ್ಬರೂ ಅಳ್ಕೋತನ ಹೋದ್ರು. ಈಗ ಇರೂದು ಒಂದ ಜಾಗಾ. ನಿಮ್ಮ ಭಟ್ರು ಲೋಣಾವಳಾ ಸುದ್ದಿ ಹೇಳಿದ್ರು.”

ನಾನು ಅಡುಗೆಮನೆಯ ಕಡೆ ನೋಡಿದೆ. ಭಟ್ಟರು ಬಾಗಿಲಲ್ಲಿ ನಿಂತವರು ಒಳಗೆ ಸರಿದರು. ಅದು ಸುಮ್ಮನೆ ಹೋಟೆಲು ನೋಡಲು ಹೋಗಿದ್ದು ಮೇಡಂ ಎಂದು ಹೇಳಲು ಬಾಯಿ ತೆರೆದೆ. “ಆಕೀಗೂ ಗೊತ್ತದ ಅಂತ್ರಿ, ಭಟ್ರ ಹೇಳ್ಯಾರ” ಎಂದರು ಮೇಡಂ. “ನೀವು ತಂದ ಚಿಕ್ಕಿ ಡಬ್ಬಿ ಬಿಚ್ಚದ ಹಂಗ ಭಟ್ಟರ ಕೈಯಾಗ ಕೊಟ್ಲಂತ, ನೀವ ತಿನ್ರಿ ಅಂತ ಹೇಳಿ.” ಆಮೇಲೆ, “ಪ್ರಾಜೆಕ್ಟಿನ ರೊಕ್ಕ ಬರೂದು ತಡಾ ಆಗ್ತದ, ಖರೆ. ಆದ್ರ ಬಂತಂದ್ರ ಪೂರ್ತಿ ಬರ್ತದ. ನೀವು ಕೊಡ್ತೀನಿ ಅಂದ ರೊಕ್ಕ ಇವತ್ತ ಬರ್ತದ. ಎಲ್ಲೀತನಾ ಬರ್ತದ್ರಿ?” ಎಂದು ಕೇಳಿದರು. ಮೆತ್ತಗೇ ಕೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಇಷ್ಟು ದಿನ ದಿಲ್ಲಿಯ ದುಡ್ಡನ್ನು ನಂಬುವ ಹಾಗಿಲ್ಲ ಎಂದು ನಾನು ಗಲ್ಲಾದಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದೆ. ಅದಕ್ಕಿಂತಲೂ ನಂಬಲಾಗದ ದುಡ್ಡು ಮನೆಯಲ್ಲೇ ಇತ್ತು, ಒಳ್ಳೆಯ ಹುಡುಗ ಸಿಕ್ಕ ದಿನ ನಿಂತುಹೋಗಬಹುದಾದ ನನ್ನ ದುಡ್ಡು. ಹುಡುಗಿ ಅದನ್ನು ಮುಟ್ಟದೆ ಬದಿಗಿಟ್ಟಿದ್ದಳು, ಯಾರಿಗೂ ಒಂದು ಮಾತು ಹೇಳದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಕರುಳು ಮರುಗಿತು. “ನಾನು ಮಾತು ಕೊಡ್ತೇನೆ ಮೇಡಂ” ಎಂದೆ. “ನನಗ್ಯಾಕ್ರಿ? ಆಕೀಗೆ ಕೊಡ್ರಿ” ಎಂದರು. ನಾನು ಬಿಲ್ಲಿನ ದುಡ್ಡು ಬೇಡ ಎಂದು ಕೈ ಮುಗಿದೆ. “ತೊಗೋರಿ, ಇಲ್ಲಾಂದ್ರ ಲಂಚ ಆಗ್ತದ” ಎಂದು ಗಲ್ಲಾದ ಮೇಲಿಟ್ಟು ಹೋದರು. ಅವರು ಹೋದ ಮೇಲೆ ಭಟ್ಟರು ನನಗೊಂದು ಲೋಟ ಕಾಫಿ ತಂದಿಟ್ಟರು. “ಒಳ್ಳೆಯದೂ ಹೇಳಿದ್ದೇನೆ ಧನಿ. ನಮ್ಮ ಧನಿ ಮಾತು ಕೊಟ್ರೆ ತಪ್ಪುವುದಿಲ್ಲ, ಆದ್ರೆ ಅವರ ಬಾಯಿಂದ ಮಾತು ಹೊರಡಿಸುವುದು ಕಷ್ಟ ಅಂದೆ” ಎಂದರು. ಅವರ ಮೇಲೆ ರೇಗಬೇಕೆಂದು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ.

ಹೋಟೆಲಿನ ಮೇಲೆಯೇ ನಮ್ಮ ಮನೆ. ಮೆಟ್ಟಿಲು ಹತ್ತುವಾಗಲೇ ಲೋಣಾವಳಾಕ್ಕೆ ಫೋನು ಮಾಡಿ, ಹುಡುಗಿ ಇನ್ನೂ ಓದಬೇಕು, ನೀವು ಬೇರೆ ಕಡೆ ನೋಡಿ ಎಂದು ಹೇಳಿ ಮುಗಿಸಿದೆ. ಚೈತ್ರಾ ಕಿಟಕಿಯ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. “ನೋಡು ಮಗಾ, ನಿನ್ನ ಓದು ಮುಗಿಯುವ ತನಕ ಯಾವ ಹುಡುಗನ ಸುದ್ದಿಯನ್ನೂ ನಾನು ಎತ್ತುವುದಿಲ್ಲ. ಐದು ವರ್ಷ” ಎಂದೆ. ಅವಳು ನನ್ನನ್ನು ನೋಡಿದಳು. “ಆರು ಆಗಬಹುದು ಅಪ್ಪ.” ಆರು ಎಂದೆ. “ಇರುವೆಗಳು ಕೈಕೊಟ್ಟರೆ ಏಳು.” ನಾನು ಬೆರಳು ಮಡಚಿ ಅವಳ ವಯಸ್ಸಿನ ಲೆಕ್ಕ ಹಾಕತೊಡಗಿದೆ. ಒಳಗಿನಿಂದ ಸುಮತಿ, “ಎಂಟಾದರೂ ಓದಲಿ, ನೀವು ಹೂಂ ಅನ್ನಿ!” ಎಂದು ಕೂಗಿದಳು. ನಾನು ಹೂಂ ಎಂದೆ. ಚೈತ್ರಾ ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ನನಗೆ ತಡೆಯಲಾಗಲಿಲ್ಲ. “ಅಪ್ಪನ ಮೇಲೆ ನಂಬಿಕೆ ಇರಲಿಲ್ವಾ ನಿಂಗೆ?” ಎಂದು ಕೇಳಿಬಿಟ್ಟೆ. “ನಂಬಿಕೆ ಉಂಟು ಅಪ್ಪ. ಹೆದರಿಕೆಯೂ ಉಂಟು. ಎರಡೂ ಒಟ್ಟಿಗೇ ಇತ್ತು” ಎಂದಳು. ಆಮೇಲೆ ಬಂದು ನನ್ನ ಭುಜಕ್ಕೆ ತಲೆ ಆನಿಸಿಕೊಂಡು ನಿಂತಳು, ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ನಿಲ್ಲುತ್ತಿದ್ದ ಹಾಗೆ.

ಆ ವಾರವೇ ಮೇಡಂ ಅವಳಿಗೆ ಹೂಂ ಎಂದರು. ದೊಡ್ಡ ಸರ್‌ಗೆ ಅವಳು ವಿನಯವಾಗಿ ಬೇಡವೆಂದು ಬರೆದಳು. ಪ್ರಾಜೆಕ್ಟಿನ ದುಡ್ಡು ಬರುವ ತನಕ ಮಾತ್ರ ನನ್ನ ದುಡ್ಡು, ಬಂದ ಮರುದಿನದಿಂದ ನಿಲ್ಲಿಸಬೇಕು, ‘ಯಾವಾಗ ಮುಗೀತದೆ’ ಎಂದು ಯಾವ ಕಾರಣಕ್ಕೂ ಕೇಳಬಾರದು ಎಂಬುದು ಅವಳ ಷರತ್ತು. ತಿಂಗಳ ಮೊದಲ ದಿನ ಅವಳು ಕ್ಯಾಂಪಸ್ಸಿಗೆ ಹೊರಡುವ ಮೊದಲು ಗಲ್ಲಾದ ಮುಂದೆ ಬಂದು ನಿಲ್ಲುತ್ತಾಳೆ. ನಾನು ಗಂಭೀರವಾಗಿ ಎಣಿಸಿ ಕೊಡುತ್ತೇನೆ, ಅವಳು ಗಂಭೀರವಾಗಿ ತೆಗೆದುಕೊಂಡು, ಆ ತಿಂಗಳು ತನ್ನ ಇರುವೆಗಳು ಏನೇನು ಮಾಡಿದವು ಎಂದು ನಿಂತಲ್ಲೇ ವರದಿ ಒಪ್ಪಿಸುತ್ತಾಳೆ. ದುಡ್ಡು ಕೊಟ್ಟವರಿಗೆ ವರದಿ ಕೊಡುವುದು ಅವರಲ್ಲಿ ನಿಯಮವಂತೆ. ಪಾರ್ಸೆಲ್‌ನವರು ಹಿಂದೆ ಕಾಯುತ್ತ ನಿಂತಿರುತ್ತಾರೆ. ಇಷ್ಟು ವರ್ಷಗಳಲ್ಲಿ ನನ್ನ ಮಗಳು ನನ್ನ ಜೊತೆ ಇಷ್ಟು ಮಾತಾಡಿದ್ದು ನೆನಪಿಲ್ಲ.

ದಿಲ್ಲಿಯಿಂದ ಇನ್ನೂ ಸುದ್ದಿಯಿಲ್ಲ. ಬೇಗ ಮಂಜೂರಾಗಲಿ ಎಂದು ಸುಮತಿ ದಿನಾ ಬೆಳಿಗ್ಗೆ ದೇವರಿಗೆ ತುಪ್ಪದ ದೀಪ ಹಚ್ಚಿ ಬೇಡಿಕೊಳ್ಳುತ್ತಾಳೆ. ನಾನೂ ಅವಳ ಪಕ್ಕದಲ್ಲೇ ನಿಂತು ಭಕ್ತಿಯಿಂದ ಕಣ್ಣು ಮುಚ್ಚಿ ಕೈ ಮುಗಿಯುತ್ತೇನೆ. ನಾನು ಬೇಡಿಕೊಳ್ಳುವುದೂ ಅದನ್ನೇ ಎಂದು ಪಾಪ ಅವಳು ತಿಳಿದಿದ್ದಾಳೆ.